ಹೊಸಾದು ಏನೈತಿ ಇದರಾಗ?

ಅಕ್ಕಾರ, ಸೆಪ್ಟೆಂಬರ್ ಬಂತಂದ್ರ ನಮ್ಮನಿ ಹುಡುಗರಿಗೆ ಜ್ವರ ಏರಿದಂಗ. ಆಪಲ್‌ನವರು ಹೊಸ ಐಫೋನ್ ಬಿಟ್ಟಾರಂತ! ಏನ್ ಹೊಸಾದು ಅಂತ ಕೇಳಿದ್ರ, "ಕ್ಯಾಮೆರಾ ಭಾರಿ ಐತಿ, ಚಿಗವ್ವ" ಅಂತಾರ. ಹ್ವಾದ ವರ್ಷನೂ ಅದನ್ನ ಹೇಳಿದ್ರು.

2007ರಾಗ ಮೊದಲನೇ ಐಫೋನ್ ಬಂತಲ್ಲ, ಅದು ಖರೇನ ಹೊಸಾದು. ಗುಂಡಿ ಒತ್ತೂದು ಹೋಗಿ ಬೆರಳು ಸರಸೂದು ಬಂತು. ಇವತ್ತು ಓದಾಕ ಬರದ ನಮ್ಮ ಅತ್ತಿಯವರೂ ಫೋಟೋ ಮುಟ್ಟಿ ಮೊಮ್ಮಗಳಿಗೆ ಫೋನ್ ಹಚ್ಚತಾರ. ಆ ಉಪಕಾರ ನಾ ಮರಿಯಂಗಿಲ್ಲ.

ಆಮ್ಯಾಲೆ ಏನ್ ಮಾಡಿದ್ರು? 2016ರಾಗ ಇಯರ್‌ಫೋನ್ ಸಿಗಸೋ ತೂತು ತಗದ್ರು, ವೈರಿಲ್ಲದ್ದು ಬ್ಯಾರೆ ಮಾರಿದ್ರು. 2020ರಾಗ ಡಬ್ಬಿಯೊಳಗಿನ ಚಾರ್ಜರ್ ತಗದ್ರು, ಪರಿಸರ ಉಳಸಾಕಂತ! ಉಳಿದ ಫೋನಿನ ಕೇಬಲ್ ಇದಕ್ಕೂ ಕೂಡೂಹಂಗ ಆಗಿದ್ದು 2023ರಾಗ, ಅದೂ ಯುರೋಪಿನವರು ಕಾಯ್ದೆ ಮಾಡಿದ ಮ್ಯಾಲೆ.

"ಒಳಗಿನ ಚಿಪ್ ನೋಡು, ಎಷ್ಟ್ ಜೋರ್ ಐತಿ" ಅಂತಾರ ಹುಡುಗರು. ಇರಲಿ, ಒಪ್ಪೇನಿ. ಆದ್ರ ವಾಟ್ಸಾಪ್ ನೋಡಾಕ, ಮದುವಿ ಫೋಟೋ ತಗ್ಯಾಕ ಅಷ್ಟ್ ಜೋರ್ ಯಾಕ ಬೇಕು? ಹಿಟ್ಟಿನ ಡಬ್ಬಿ ಬದಲಿಸಿದ್ರ ರೊಟ್ಟಿ ರುಚಿ ಬದಲಾಗತೈತೇನ್ರೀ?

ಛಲೋ ನಡಿಯೋ ಫೋನನ್ನ ಹಳೇದು ಅನಿಸೂದ ಇವರ ದೊಡ್ಡ ಶೋಧ. ಅದಕ್ಕ ನಾವು ತಿಂಗಳಾ ಕಂತು ಕಟ್ಟತೇವಿ.

ಹಿಂದಿನ ಗುಂಡಿ ಫೋನಿನಂಗ ಬ್ಯಾಟರಿನ ಮನ್ಯಾಗ ನಾವ ತಗದು ಹಾಕೂಹಂಗ ಮಾಡ್ಲಿ, ಹತ್ತು ವರ್ಷ ಬಾಳಲಿ. ಅವತ್ತು ನಾನೂ ಹೊಸಾದು ಅಂತೇನಿ. ಅಲ್ಲೀತನಕ ಹುಡುಗರು ಅತ್ರ ಅಳಲಿ, ನೀವು ಪರ್ಸ್ ಬಿಚ್ಚಬ್ಯಾಡ್ರಿ.