ತಿರುಗಲು ಬಾರದ ಜೀವಿಗೆ ದಾರಿ ಸಿಗುವುದು ಹೇಗೆ?

ಮಂಡಗದ್ದೆಯಲ್ಲಿ ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುವಾಗ ‘ಬ್ಯಾಕ್ಟೀರಿಯಾ ಆಹಾರದ ಕಡೆಗೆ ತಿರುಗಿ ಈಜುತ್ತವೆ’ ಎಂದೆ. ‘ಕಣ್ಣು, ಮೂಗು ಎಂತದೂ ಇಲ್ಲ, ದಿಕ್ಕು ಹೆಂಗೆ ಗೊತ್ತಾಗುತ್ತೆ ಮಿಸ್?’ ಎಂದ ಹುಡುಗನಿಗೆ ‘ಅದೆಲ್ಲ ಮುಂದಿನ ತರಗತಿಗೆ’ ಎಂದು ಜಾರಿಕೊಂಡೆ. ನನ್ನ ವಾಕ್ಯವೇ ತಪ್ಪಾಗಿತ್ತು.

ಇ. ಕೋಲಿ ಬೇಕಾದ ದಿಕ್ಕಿಗೆ ತಿರುಗಲಾರದು. ಸುಮಾರು ಒಂದು ಸೆಕೆಂಡು ನೇರ ಈಜುತ್ತದೆ, ಕ್ಷಣಕಾಲ ಪಲ್ಟಿ ಹೊಡೆಯುತ್ತದೆ, ಸಿಕ್ಕ ದಿಕ್ಕಿಗೆ ಮತ್ತೆ ಹೊರಡುತ್ತದೆ. ಆಗಷ್ಟೇ ದಾಟಿ ಬಂದದ್ದಕ್ಕಿಂತ ಈಗ ಸಕ್ಕರೆ ಹೆಚ್ಚಿದ್ದರೆ ಪಲ್ಟಿಯನ್ನು ಮುಂದೂಡುತ್ತದೆ, ಅಷ್ಟೇ. ವಿನೆಗರ್‌ನ ಅಸಿಟಿಕ್ ಆಮ್ಲದಂಥ ಸಣ್ಣ ಕೊಬ್ಬಿನಾಮ್ಲಗಳು ಹೆಚ್ಚಿದರೆ ಬೇಗನೆ ಪಲ್ಟಿ. ಈ ಹೋಲಿಕೆ ಜಾಗದ್ದಲ್ಲ, ಕಾಲದ್ದು ಎಂದು ಮ್ಯಾಕ್‌ನಾಬ್ ಮತ್ತು ಕೋಶ್‌ಲ್ಯಾಂಡ್ 1972ರಲ್ಲಿ ಸಾಲ್ಮೊನೆಲ್ಲಾ ಬಳಸಿ ತೋರಿಸಿದರು.

ಮುಂದಿನ ವಾರ ಅದೇ ಹುಡುಗನ ಕಣ್ಣು ಕಟ್ಟಿ, ಮೂಲೆಯಲ್ಲಿ ಹಲಸಿನ ತೊಳೆ ಇಟ್ಟೆ. ವಾಸನೆ ಹೆಚ್ಚಿದರೆ ಮುಂದೆ ನಡೆ, ಕಡಿಮೆಯಾದರೆ ಗಿರಕಿ ಹೊಡೆದು ಸಿಕ್ಕತ್ತ ಹೋಗು. ಹನ್ನೆರಡು ನಿಮಿಷ ಹಿಡಿಯಿತು (ಒಂದು ಬೆಂಚೂ ಉರುಳಿತು). ವೀಕ್ಷಣಾ ಹಾಳೆಯಲ್ಲಿ ‘ಪಾಠಯೋಜನೆ ಮೀರಿದೆ’ ಎಂದು ಬಂತು. ನಿಜ. ಆದರೆ ಮಕ್ಕಳ ಪ್ರಶ್ನೆಗೆ ಹತ್ತು ನಿಮಿಷ ಇಡದ ಪಾಠಯೋಜನೆಯನ್ನೇ ತಿದ್ದಬೇಕು ಎಂಬುದು ನನ್ನ ವಾದ.

ತೊಳೆ ತಿನ್ನುತ್ತಲೇ ಅವನು ಕೇಳಿದ, ‘ಗಾಳಿ ಬೀಸಿದ್ರೆ?’ ಈ ವಾರದ ಯೋಜನೆಯಲ್ಲಿ ಅದನ್ನೇ ಮೊದಲು ಬರೆದಿದ್ದೇನೆ.