ಚಿತ್ರಕಥೆ ಪುಸ್ತಕ ಜಾತ್ರ್ಯಾಗ ಬಿಡುಗಡೆ ಆಗಲಿ

‘ಕಾಮಿಕ್ಸ್ ಅಂದ್ರ ಪ್ಯಾಟಿ ಮಕ್ಕಳ ಪುಸ್ತಕ, ಹಳ್ಳ್ಯಾಗ ಯಾರು ಕೊಳ್ತಾರ?’ ಅನ್ನುವವರು ಒಮ್ಮೆ ಪಟ್ಟದಕಲ್ಲಿಗೆ ಬರಲಿ. 8ನೇ ಶತಮಾನದ ಪಾಪನಾಥ ಗುಡಿಯ ಗೋಡೆ ಮೇಲೆ ರಾಮಾಯಣದ ಕಥೆ ಸಾಲಾಗಿ ನಿಂತಿದೆ. ಪಾತ್ರಗಳ ಹೆಸರನ್ನೂ ಅಲ್ಲಲ್ಲಿ ಕೆತ್ತಿದ್ದಾರೆ. ಚಿತ್ರಕ್ಕೆ ಅಕ್ಷರ ಕೂಡಿಸಿ ಕಥೆ ಹೇಳುವುದು ನಮ್ಮ ನೆಲಕ್ಕೆ ಹೊಸದೇನಲ್ಲ.

ಮತ್ತೆ ಪುಸ್ತಕ ಯಾಕೆ ಮಾರಾಟ ಆಗುವುದಿಲ್ಲ? ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದವರು ಬೆಂಗಳೂರಿನ ಸಭಾಂಗಣದಲ್ಲಿ ಹಾರ, ಶಾಲಿಗೆ ಖರ್ಚು ಮಾಡುತ್ತಾರೆ. ಉಳಿದ ಪ್ರತಿಗಳು ಮಂಚದ ಕೆಳಗೆ. ಆಮೇಲೆ ಬೈಗುಳ ಓದುಗರಿಗೆ!

ಬಾದಾಮಿಯ ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳನ್ನು ನೋಡಿ. ಬಣ್ಣದ ಬೋರ್ಡು, ಮೈಕು, ನಗಿಸುವ ಹೆಸರು. ಜನ ಟಿಕೆಟ್ ತಗೊಂಡೇ ಒಳಗೆ ಹೋಗುತ್ತಾರೆ. ಪುಸ್ತಕವನ್ನೂ ಹಾಗೇ ಮಾರಿ. ನಾಲ್ಕು ಪುಟ ವಾಟ್ಸ್ಯಾಪಿನಲ್ಲಿ ಹಂಚಿ ರುಚಿ ಹತ್ತಿಸಿ. ನೇಕಾರರ ಕಥೆಯಾದರೆ ಇಳಕಲ್ಲಿನ ಮಗ್ಗದ ಮುಂದೆ, ರೈತರ ಕಥೆಯಾದರೆ ಹುನಗುಂದದ ಸಂತೆಯಲ್ಲಿ ಬಿಡುಗಡೆ ಮಾಡಿ. ಐಎಸ್‌ಬಿಎನ್ ಸಂಖ್ಯೆಯನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿಯೂ ಇಲ್ಲ.

ಓದುಗರಾದ ನಮಗೂ ಒಂದು ಮಾತು. ಪೂರ್ತಿ ಪುಸ್ತಕದ ಪಿಡಿಎಫ್ ಫಾರ್ವರ್ಡ್ ಮಾಡಿದರೆ ಮುಂದಿನ ಪುಸ್ತಕ ಹುಟ್ಟುವುದೇ ಇಲ್ಲ. ಒಂದು ಪ್ರತಿ ಕೊಳ್ಳೋಣ. ಮೊದಲು ರೊಕ್ಕ ಕೊಟ್ಟ ಹುಡುಗಿಯೇ ಪುಸ್ತಕ ಬಿಡುಗಡೆ ಮಾಡಲಿ. ಅತಿಥಿಗಳು ಸಾಲಿನಲ್ಲಿ ನಿಂತು ಕೊಳ್ಳಲಿ.