ಶೇಕಡಾ ನೂರು ಎಂಬ ಪೊಳ್ಳು ಲೆಕ್ಕ

ಪ್ರಮಾಣಪತ್ರ ಕಂಡರೆ ಕೈಮುಗಿಯುವ ರೋಗ ಶಾಲೆಗಳಿಗೆ ಮಾತ್ರ ಅಂಟಿದ್ದು ಎಂದುಕೊಂಡಿದ್ದೆವು. ಸಾಫ್ಟ್‌ವೇರ್ ಲೋಕಕ್ಕೂ ಅದು ತಗಲಿದೆ. ಅಲ್ಲಿ ಅದರ ಹೆಸರು ಕೋಡ್ ಕವರೇಜ್. ಪ್ರೋಗ್ರಾಮನ್ನು ಪರೀಕ್ಷಿಸುವಾಗ ಯಾವ ಸಾಲು ಓಡಿತು, ಯಾವುದು ಓಡಲಿಲ್ಲ ಎಂಬ ಹಾಜರಿ ಪುಸ್ತಕ ಅದು. ಶೇಕಡಾ 80 ಇಲ್ಲದಿದ್ದರೆ ಕೆಲಸ ಮುಂದಕ್ಕೆ ಹೋಗಕೂಡದು ಎಂದು ಗೆರೆ ಎಳೆಯುವವರಿದ್ದಾರೆ. ಆದರೆ ಹಾಜರಿ ತೆಗೆದದ್ದು ಹೇಗೆ ಎಂದು ಕೇಳುವವರು ಎಷ್ಟು ಮಂದಿ ಸ್ವಾಮಿ?

ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವುದು ಕಂಪೈಲರ್. ವೇಗ ಹೆಚ್ಚಿಸು ಎಂದರೆ ಅದು ಆಪ್ಟಿಮೈಸೇಶನ್ ಮಾಡುತ್ತದೆ. ನಾಲ್ಕು ಸಾಲನ್ನು ಒಂದು ಮಾಡುತ್ತದೆ, ಹಿಂದಿನದನ್ನು ಮುಂದಿಡುತ್ತದೆ, ಬೇಡವೆನಿಸಿದ್ದನ್ನು ಕಿತ್ತೆಸೆಯುತ್ತದೆ. ಉತ್ತರ ಕೆಡುವುದಿಲ್ಲ, ಆದ್ದರಿಂದ ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಹೀಗೆ ಕಲಸಿದ ಮೇಲೆ ಸಾಲು ಸಾಲಿನ ಹಾಜರಿ ಕರೆಯುವುದರಲ್ಲಿ.

ಒಂದು ಉದಾಹರಣೆ ನೋಡಿ. ಅಂಕ 30 ಅಥವಾ ಹೆಚ್ಚಿದ್ದರೆ ಫಲಿತಾಂಶ 1, ಇಲ್ಲದಿದ್ದರೆ 0. ಬರೆಯಲು ನಾಲ್ಕು ಸಾಲು. ಕಂಪೈಲರ್ ಇದನ್ನು ಕವಲೇ ಇಲ್ಲದ ಒಂದು ತುಂಡಾಗಿ ಮಾಡಬಲ್ಲದು. ಈಗ 100 ಮಕ್ಕಳ ಅಂಕ ಕೊಡಿ, ಎಲ್ಲರೂ ಪಾಸಾದವರೇ ಇರಲಿ. ವರದಿಯಲ್ಲಿ ನಾಲ್ಕೂ ಸಾಲಿನ ಮುಂದೆ 100 ಎಂದು ಬೀಳಬಹುದು! ಫೇಲಾಗುವ ದಾರಿಯನ್ನು ಯಾರೂ ತುಳಿದೇ ಇಲ್ಲ, ಆದರೂ ಅದಕ್ಕೆ ಪೂರ್ಣ ಹಾಜರಿ. ಇದು ನಮ್ಮ ಕಲ್ಪನೆಯಲ್ಲ. ಜಿಸಿಸಿ ಕಂಪೈಲರಿನ ಜೊತೆ ಬರುವ ಜಿಕವ್ ಎಂಬ ಕವರೇಜ್ ಸಾಧನದ ಕೈಪಿಡಿಯೇ ಇಂಥದೊಂದು ಉದಾಹರಣೆ ಕೊಟ್ಟು, ಆಪ್ಟಿಮೈಸೇಶನ್ ಇಲ್ಲದೆ ಕಂಪೈಲ್ ಮಾಡಿ ಎಂದು ಹೇಳುತ್ತದೆ. ಕೈಪಿಡಿ ಓದುವ ಪುರುಸೊತ್ತು ಯಾರಿಗಿದೆ?

ಇನ್ನೊಂದು ಚಮತ್ಕಾರ. ಯಂತ್ರಭಾಷೆಯಲ್ಲಿ ಕುರುಹೇ ಉಳಿಯದ ಸಾಲನ್ನು ಜಿಕವ್ ಲೆಕ್ಕಕ್ಕೇ ಹಿಡಿಯುವುದಿಲ್ಲ, ಬರೀ ಗೆರೆ ಎಳೆದು ಬಿಡುತ್ತದೆ. ಓಡದ ಸಾಲುಗಳನ್ನು ಕಂಪೈಲರ್ ಅಳಿಸಿಬಿಟ್ಟರೆ ಶೇಕಡಾವಾರು ತಾನೇ ಏರುತ್ತದೆ. ಗೈರುಹಾಜರಾದವರ ಹೆಸರನ್ನೇ ಪುಸ್ತಕದಿಂದ ತೆಗೆದು ಪೂರ್ಣ ಹಾಜರಿ ತೋರಿಸಿದ ಹಾಗೆ!

ಉಲ್ಟಾ ತಪ್ಪೂ ಉಂಟು. ಕೇರಳದ ಹೈಸ್ಕೂಲು ಮಕ್ಕಳು ಕಲಿಯುವ ಪೈಥಾನನ್ನೇ ತೆಗೆದುಕೊಳ್ಳಿ. ಹಳೆಯ ಆವೃತ್ತಿಗಳಲ್ಲಿ, ಲೂಪಿನೊಳಗಿನ ‘ಕಂಟಿನ್ಯೂ’ ಸಾಲಿಗೆ ಹೋಗಿ ಅಲ್ಲಿಂದ ಮೇಲಕ್ಕೆ ಜಿಗಿಯುವ ಬದಲು ನೇರ ಮೇಲಕ್ಕೇ ಜಿಗಿಯುವಂತೆ ಆಪ್ಟಿಮೈಸರ್ ಒಳದಾರಿ ಮಾಡುತ್ತಿತ್ತು. ಕೆಲಸ ಸರಿಯಾಗಿಯೇ ಆಗುತ್ತಿತ್ತು, ವರದಿ ಮಾತ್ರ ಆ ಸಾಲು ಓಡಿಲ್ಲ ಎನ್ನುತ್ತಿತ್ತು. ಸಾಲುಗಳ ಲೆಕ್ಕ ಕರಾರುವಾಕ್ಕಾಗಿರಬೇಕು ಎಂಬ ನಿಯಮ ಪೆಪ್ 626ರ ಮೂಲಕ ಬಂದದ್ದು 2021ರ ಪೈಥಾನ್ 3.10ರಲ್ಲಿ.

“ಗಿರಾಕಿಗೆ ಕೊಡುವುದು ಆಪ್ಟಿಮೈಸ್ ಆದದ್ದನ್ನೇ, ಹಾಗಾಗಿ ಅದನ್ನೇ ಅಳೆಯಬೇಕು” ಎಂದು ವಾದಿಸುವವರಿದ್ದಾರೆ. ಅರ್ಧ ಸತ್ಯ. ಅದನ್ನು ಪರೀಕ್ಷಿಸಲೇಬೇಕು, ನಾವು ಬೇಡ ಎನ್ನುವುದಿಲ್ಲ. ಆದರೆ ಪರೀಕ್ಷಿಸುವುದು ಬೇರೆ, ಅಳೆಯುವುದು ಬೇರೆ. ಅದೇ ಪರೀಕ್ಷೆಗಳನ್ನು ಎರಡು ಸಲ ನಡೆಸಿ: ಸಾಲಿನ ಲೆಕ್ಕಕ್ಕೆ ‘-ಓ0’ ಹಾಕಿ ಕಟ್ಟಿದ್ದರ ಮೇಲೆ ಒಮ್ಮೆ, ಉತ್ತರ ಸರಿಯೇ ಎಂದು ನೋಡಲು ‘-ಓ2’ ಹಾಕಿದ್ದರ ಮೇಲೆ ಇನ್ನೊಮ್ಮೆ. ನಿಧಾನವಾಗುತ್ತದೆ ಎನ್ನುವವರಿಗೆ ಕ್ಲ್ಯಾಂಗ್ ಕಂಪೈಲರಿನಲ್ಲಿ ಬೇರೆ ದಾರಿಯಿದೆ. ಅದರ ಒಂದು ಕವರೇಜ್ ವಿಧಾನದಲ್ಲಿ ಎಣಿಕೆಯ ಗುರುತುಗಳನ್ನು ಆಪ್ಟಿಮೈಸೇಶನ್‌ಗೆ ಮೊದಲೇ, ಮೂಲ ಬರಹವನ್ನು ನೋಡಿಯೇ ಇಡಲಾಗುತ್ತದೆ.

ಇದು ಬರೀ ಅಂಕಿಗಳ ಜಗಳವಲ್ಲ. ವಿಮಾನದ ಸಾಫ್ಟ್‌ವೇರಿಗೆ ಅನ್ವಯಿಸುವ 2011ರ ಡಿಒ-178ಸಿ ದಾಖಲೆ, ತಪ್ಪಿದರೆ ಪ್ರಾಣಕ್ಕೇ ಕುತ್ತು ತರುವ ಅತಿ ಮೇಲಿನ ಹಂತದಲ್ಲಿ, ಮೂಲ ಬರಹಕ್ಕೆ ನೇರ ತಾಳೆಯಾಗದ ಯಂತ್ರಭಾಷೆಯನ್ನು ಕಂಪೈಲರ್ ಹುಟ್ಟಿಸಿದ್ದರೆ ಅದನ್ನು ಬೇರೆಯಾಗಿ ಪರಿಶೀಲಿಸಬೇಕು ಎನ್ನುತ್ತದೆ. ಅಲ್ಲಿ ಅಷ್ಟು ಎಚ್ಚರ, ಉಳಿದ ಕಡೆ ಬಣ್ಣದ ವರದಿಗೆ ಶಹಬಾಸ್‌ಗಿರಿ!

ನಮ್ಮ ಶಾಲೆಗಳಿಂದ ಹೋಗಿ ಈ ಕೆಲಸದಲ್ಲಿರುವ ಮಕ್ಕಳಿಗೆ ನಾವು ಹೇಳುವುದಿಷ್ಟೇ. ಶೇಕಡಾ ಎಷ್ಟು ಎಂದು ಮೇಲಿನವರು ಕೇಳಿದರೆ, ಯಾವ ಆಯ್ಕೆ ಹಾಕಿ ಕಂಪೈಲ್ ಮಾಡಿದ ಲೆಕ್ಕ ಅದು ಎಂಬುದನ್ನೂ ಜೊತೆಗೇ ಬರೆದುಕೊಡಿ. ಅದಿಲ್ಲದ ಶೇಕಡಾ ನೂರಕ್ಕೆ ನಾವು ಸೊನ್ನೆಯನ್ನೇ ಕೊಡುತ್ತೇವೆ.